ಶ್ರೋತ್ರಿಗಳ ಮೇಲೆ ಸಿಟ್ಟು ಬಂದಿದ್ದು ನನಗೊಬ್ಬಳಿಗೇನಾ? (ವಂಶವೃಕ್ಷ ಓದಿದವರು ಬನ್ನಿ)

ಗುಬ್ಬಿಗೂಡು
ಭೈರಪ್ಪನವರ ಕಾದಂಬರಿ ವಂಶವೃಕ್ಷ ಮೊದಲ ಸಲ ಓದಿದ್ದು ಬಿ.ಎಸ್ಸಿ. ಎರಡನೇ ವರ್ಷದಲ್ಲಿ. ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಪ್ರತಿ, ರಟ್ಟು ಕಿತ್ತುಹೋಗಿತ್ತು, ಏಳೆಂಟು ಹುಡುಗಿಯರು ಪಾಳಿ ಹಾಕಿಕೊಂಡು ಓದಿದ್ದೆವು. ಆಗ ನನಗೆ ಶ್ರೀನಿವಾಸ ಶ್ರೋತ್ರಿಗಳು ದೇವರ ಹಾಗೆ ಕಂಡಿದ್ದರು. ಅವರ ವಿಧವೆ ಸೊಸೆ ಕಾತ್ಯಾಯನಿ ಮೇಲೆ ಸಿಟ್ಟು. ಅಂಥ ಮಾವನ ಮನೆ ಬಿಟ್ಟು, ಮಗು ಬಿಟ್ಟು, ಇನ್ನೊಂದು ಮದುವೆಯಾಗಿ ಹೇಗೆ ಹೋದಳು ಅಂತ ರೂಮಿನಲ್ಲಿ ಜಗಳವನ್ನೇ ಆಡಿದ್ದೆ.

ಈಗ ನನಗೆ 44. ಎರಡು ತಿಂಗಳ ಹಿಂದೆ ಮತ್ತೆ ಓದಿದೆ. ಸುಮ್ನೆ ಓದಿದ್ದಲ್ಲ, ಮನೆಯಲ್ಲಿ ಅಂಥದ್ದೇ ನಡೆಯುತ್ತಿದೆ. ಅಣ್ಣ ತೀರಿಕೊಂಡು ಮೂರು ವರ್ಷ. ಅತ್ತಿಗೆಗೆ 37, ಅಣ್ಣನ ಮಗನಿಗೆ ಒಂಬತ್ತು. ಅವರ ಜೊತೆ ಕೆಲಸ ಮಾಡುವವರೊಬ್ಬರು ಮದುವೆಯಾಗೋಣ ಅಂತ ಕೇಳಿದ್ದಾರೆ. ಅತ್ತಿಗೆ ಬಂದು ಅಪ್ಪನಿಗೆ ಹೇಳಿದರು. ಅಪ್ಪ ಕೂಗಾಡಲಿಲ್ಲ, ಬೇಡ ಅನ್ನಲಿಲ್ಲ. "ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡಮ್ಮ" ಅಂದರು. ಅಷ್ಟು ಹೇಳಿ ಎದ್ದು ಹೋಗಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಹುಡುಗನ ಸ್ಕೂಲ್ ಶೂ ಪಾಲಿಶ್ ಮಾಡೋಕೆ ಶುರು ಮಾಡಿದರು. ಅವತ್ತು ಶನಿವಾರ ಸಾಯಂಕಾಲ. ಮಾರನೇ ದಿನ ಸ್ಕೂಲೇ ಇಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಟರು. ಎರಡು ತಿಂಗಳಾಯಿತು, ಮನೆಯಲ್ಲಿ ಯಾರೂ ಆ ಮಾತೆತ್ತಿಲ್ಲ.

ಆ ರಾತ್ರಿಯೇ ವಂಶವೃಕ್ಷ ತೆಗೆದೆ. ಕಾತ್ಯಾಯನಿ ಮಗುವನ್ನು ಕರೆದುಕೊಂಡು ಹೋಗಬೇಕು ಅಂತ ನಂಜನಗೂಡಿಗೆ ಬರುತ್ತಾಳಲ್ಲ, ಬಂದವಳು ಬರಿಗೈಯಲ್ಲಿ ಹೋಗುತ್ತಾಳಲ್ಲ, ಆ ಭಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಶ್ರೋತ್ರಿಗಳು ನಾಲ್ಕು ಮಾತು ಬೈದಿದ್ದರೆ ಅವಳು ಮಗು ಎತ್ತಿಕೊಂಡು ಓಡಿಹೋಗುತ್ತಿದ್ದಳು ಅಂತ ಅನ್ನಿಸಿತು. ಅವರು ಒಳ್ಳೆಯವರಾಗಿದ್ದರು, ಅದಕ್ಕೇ ಅವಳ ಕೈ ಬರಲಿಲ್ಲ. ಒಳ್ಳೆಯತನವನ್ನೇ ಹೀಗೆ ಅಡ್ಡ ಇಡಬಹುದಾ? ಅವರಿಗೆ ಅದು ಗೊತ್ತಿತ್ತಾ? ನಿಮಗೆ ಯಾರಿಗಾದರೂ ಹೀಗನ್ನಿಸಿದೆಯಾ, ಇಲ್ಲ ನಮ್ಮನೆ ಗಲಾಟೆಯಲ್ಲಿ ನನ್ನ ತಲೆಯೇ ಕೆಟ್ಟಿದೆಯಾ?

ಹಳೇಪೇಟೆ
ತಲೆ ಕೆಟ್ಟಿದೆ. (ತಮಾಷೆಗೆ ಹೇಳಿದೆ ಮೇಡಂ, ಬೇಜಾರು ಮಾಡ್ಕೋಬೇಡಿ.)

ವಿಧವೆ ಸೊಸೆ ಕಾಲೇಜಿಗೆ ಹೋಗ್ತೀನಿ ಅಂದಾಗ ಹೋಗು ಅಂದವರು ಯಾರು? ಅದೇ ಶ್ರೋತ್ರಿಗಳು. ಸತ್ತ ಗಂಡನ ಬಿ.ಎ. ಅರ್ಧಕ್ಕೆ ನಿಂತಿದೆ, ಅದನ್ನು ತಾನು ಮುಗಿಸಬೇಕು ಅಂದಳು, ಒಪ್ಪಿದರು. ಆ ಕಾಲದ ಎಷ್ಟು ಮಾವಂದಿರು ಒಪ್ಪುತ್ತಿದ್ದರು ಹೇಳಿ. ಅವರು ಅಡ್ಡ ಹಾಕಿದ್ದರೆ ಆಗಲೇ ಹಾಕಬಹುದಿತ್ತು. ಈಗಿನ ಕನ್ನಡಕ ಹಾಕಿಕೊಂಡು ಆಗಿನವರನ್ನು ನೋಡಿದರೆ ಎಲ್ಲರೂ ವಿಲನ್‌ಗಳೇ.

ಶಾಲ್ಮಲಾ
ಗುಬ್ಬಿಗೂಡು, ನಿಮ್ಮ ತಲೆ ಸರಿಯಾಗೇ ಇದೆ.

ಶ್ರೋತ್ರಿ ಪಾತ್ರದ ಕಷ್ಟ ಅಂದರೆ ಅವರ ಮೇಲೆ ಬೊಟ್ಟು ಮಾಡೋಕೆ ಜಾಗವೇ ಇಲ್ಲ. ಇನ್ನೊಂದು ಹೆರಿಗೆಯಾದರೆ ಜೀವಕ್ಕೆ ಅಪಾಯ ಅಂದಾಗ ಹೆಂಡತಿಯಿಂದ ದೂರವಾದರು. ಹೆಂಡತಿ ತಾನಾಗೇ ಮನೆಗೆಲಸದ ಲಕ್ಷ್ಮಿಯನ್ನು ಮುಂದೆ ಮಾಡಿದಾಗಲೂ, ಮನಸ್ಸು ಅಲ್ಲಾಡಿದರೂ, ತಡೆದುಕೊಂಡರು. ಸರಿ, ದೊಡ್ಡದು. ಆದರೆ ತನ್ನನ್ನು ತಾನು ಅಷ್ಟು ಬಿಗಿಯಾಗಿ ಕಟ್ಟಿಕೊಂಡ ಮನುಷ್ಯನ ಮನೆಯಲ್ಲಿ ಬೇರೆಯವರು ಉಸಿರಾಡೋದು ಹೇಗೆ? ನಮ್ಮ ಅಜ್ಜ ಹಾಗೇ ಇದ್ದರು. ಚಹಾ ಕುಡಿತಿರಲಿಲ್ಲ. ನಮಗೆ ಯಾರಿಗೂ ಕುಡಿಬೇಡ ಅಂತ ಒಂದು ದಿನವೂ ಅನ್ನಲಿಲ್ಲ. ಆದರೂ ನಮ್ಮವ್ವ ನಲವತ್ತು ವರ್ಷ ಅಡಿಗೆಮನೆ ಬಾಗಿಲು ಮುಂದೆ ಮಾಡಿಕೊಂಡು ಚಹಾ ಕುಡಿದಳು.

ರೈಲ್ವೆ ರಾಯ
ಬಾಗಿಲು ಮುಂದೆ ಮಾಡಿಕೊಂಡು ಚಹಾ 😂 ನಮ್ಮಮ್ಮ ಹಾಗೆ ಈರುಳ್ಳಿ ಬಜ್ಜಿ ತಿಂತಿದ್ರು.

ಮೆಣಸಿನಸಾರು
ನನಗೆ ಸಿಟ್ಟು ಶ್ರೋತ್ರಿಗಳ ಮೇಲಲ್ಲ, ಬರೆದವರ ಮೇಲೆ. ಕಾತ್ಯಾಯನಿ ಪ್ರೀತಿಸಿ ರಾಜ ಅನ್ನೋನನ್ನು ಮದುವೆಯಾದಳು. ಆಮೇಲೆ ಏನಾಯ್ತು? ಮತ್ತೆ ಮತ್ತೆ ಗರ್ಭ ಹೋಗುತ್ತೆ, ಕೊರಗುತ್ತಾಳೆ, ಸೊರಗುತ್ತಾಳೆ, ಸಾಯುತ್ತಾಳೆ. ಇದನ್ನು ಶಿಕ್ಷೆ ಅನ್ನದೆ ಏನನ್ನೋಣ? ಮದುವೆಯಾದ ವಿಧವೆಯನ್ನು ಒಬ್ಬಳನ್ನಾದರೂ ನೆಮ್ಮದಿಯಾಗಿ ಬದುಕೋಕೆ ಬಿಟ್ಟಿದ್ದರೆ ಭೈರಪ್ಪನವರ ಗಂಟೇನು ಹೋಗುತ್ತಿತ್ತು?

ಹಳೇಪೇಟೆ
@ಮೆಣಸಿನಸಾರು ಹಾಗಾದರೆ ಶ್ರೋತ್ರಿಗಳಿಗೆ ಆಗಿದ್ದು ಏನು? ಜೀವನವಿಡೀ ಯಾವ ವಂಶ ವಂಶ ಅಂತ ಬದುಕಿದರೋ, ಆ ವಂಶದ ರಕ್ತವೇ ತನ್ನದಲ್ಲ ಅಂತ ಮುದಿ ವಯಸ್ಸಿನಲ್ಲಿ ಗೊತ್ತಾಗುತ್ತೆ. ದಾಯಾದಿಗೆ ಆಸ್ತಿ ಹೋಗಬಾರದು ಅನ್ನೋ ಅಪ್ಪನ ಹಟಕ್ಕೆ ಬೇರೆಯವನಿಂದ ಹುಟ್ಟಿಸಿದ ಮಗ ತಾನು! ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ? ಲೇಖಕರು ಯಾರನ್ನೂ ಬಿಟ್ಟಿಲ್ಲ. ಪುಸ್ತಕದ ಹೆಸರನ್ನೇ ಕೊಡಲಿ ಹಿಡಿದು ಕಡಿದಿದ್ದಾರೆ.

ಮೆಣಸಿನಸಾರು
ಬಿಟ್ಟಿಲ್ಲ ನಿಜ. ಆದರೆ ಶ್ರೋತ್ರಿಗಳು ಎಲ್ಲ ಬಿಟ್ಟು ಸನ್ಯಾಸಕ್ಕೆ ಹೊರಡುತ್ತಾರೆ, ಎತ್ತರವಾಗಿಯೇ ಹೊರಡುತ್ತಾರೆ. ಅವಳು ಹಾಸಿಗೆ ಹಿಡಿದು ಸಾಯುತ್ತಾಳೆ. ಒಬ್ಬರಿಗೆ ದಾರಿ, ಒಬ್ಬಳಿಗೆ ಚಟ್ಟ. ಎರಡೂ ಒಂದೇನಾ?

ಹಳೇಪೇಟೆ
ಈ ಮಾತಿಗೆ ಸದ್ಯಕ್ಕೆ ಉತ್ತರ ಇಲ್ಲ. ಊಟ ಮಾಡಿ ಬಂದು ಹೇಳ್ತೀನಿ.

ಸೂಲಗಿತ್ತಿ
ಮಧ್ಯೆ ಬಾಯಿ ಹಾಕ್ತೀನಿ, ಹೆರಿಗೆ ವಾರ್ಡಿನಲ್ಲಿ 22 ವರ್ಷ ಕೆಲಸ ಮಾಡಿದವಳು ನಾನು. ಪಾಪಪ್ರಜ್ಞೆಯಿಂದ ಗರ್ಭ ಹೋಗಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನ ದೋಷ. ತಾಯಿ ಏನು ಮಾಡಿದಳು, ಏನು ಯೋಚಿಸಿದಳು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ಹೇಳಲೇಬೇಕು. ಯಾಕಂದರೆ ಕಾತ್ಯಾಯನಿ ಥರ ಯೋಚಿಸೋ ಹೆಣ್ಣುಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬಳು ಮಂಚದ ಮೇಲೆ ಮಲಗಿಕೊಂಡೇ ಕೇಳಿದಳು, "ಸಿಸ್ಟರ್, ನಾನು ನಾದಿನಿ ಮಗೂಗೆ ಒಂದ್ಸಲ ಹೊಡೆದಿದ್ದೆ, ಅದಕ್ಕೇನಾ?" ಅಂತ. ಕಾದಂಬರಿ ಆ ಹೆದರಿಕೆಯನ್ನು ಚೆನ್ನಾಗಿ ಹಿಡಿದಿದೆ. ಆದರೆ ಓದುವವರು ಅದನ್ನು ಡಾಕ್ಟರ್ ಚೀಟಿ ಅಂತ ನಂಬಬಾರದು.

ಶಾಲ್ಮಲಾ
ಸೂಲಗಿತ್ತಿ ಅಕ್ಕ, ಇದನ್ನ ಪುಸ್ತಕದ ಮುನ್ನುಡಿಗೆ ಹಾಕಬೇಕು ನೋಡ್ರಿ.

ಮೂರನೇ ಬೆಂಚು
ಎಲ್ಲರೂ ಶ್ರೋತ್ರಿ ಶ್ರೋತ್ರಿ ಅಂತೀರಿ, ರಾಜನ ಅಣ್ಣ, ಇತಿಹಾಸದ ಪ್ರೊಫೆಸರ್ ಸದಾಶಿವರಾಯರನ್ನು ಯಾಕೆ ಯಾರೂ ಕೇಳಲ್ಲ? ಭಾರತದ ಸಂಸ್ಕೃತಿಯ ಇತಿಹಾಸ ಬರೀತೀನಿ ಅಂತ ಸಂಪುಟದ ಮೇಲೆ ಸಂಪುಟ. ಮನೆಯಲ್ಲಿ ಹೆಂಡತಿ ನಾಗಲಕ್ಷ್ಮಿಗೆ ಅದರ ಒಂದು ಸಾಲೂ ಅರ್ಥವಾಗಲ್ಲ. ಶಿಷ್ಯೆ ಕರುಣಾರತ್ನೆ ಬಂದಳು, ಪುಸ್ತಕ ಮುಂದೆ ಹೋಯಿತು, ಮದುವೆಯೂ ಆಯಿತು. ನಾಗಲಕ್ಷ್ಮಿ ರಾಮನಾಮ ಬರೀತಾ ಕೂತಳು. ನನಗೆ ಇಡೀ ಕಾದಂಬರಿಯಲ್ಲಿ ಹೊಟ್ಟೆ ಉರಿದಿದ್ದು ಆ ರಾಮನಾಮಕ್ಕೆ.

ಕಡಲೆಪುರಿ
ನಾನು ಕರುಣಾ ಪರ. ಬೈಯೋರು ಬೈಯಿರಿ.

ನಾನೂ ಪಿಎಚ್.ಡಿ. ಮಾಡಿದವಳು. ರಾತ್ರಿ ಎರಡು ಗಂಟೆಗೆ ಒಂದು ಅಡಿಟಿಪ್ಪಣಿ ಸರಿಹೋದಾಗ ಆಗೋ ಖುಷಿಯನ್ನು ಪಕ್ಕದಲ್ಲಿರುವವರು ಅರ್ಥ ಮಾಡಿಕೊಂಡರೆ ಹೇಗಿರುತ್ತೆ ಅನ್ನೋದು ನನಗೆ ಗೊತ್ತು. ಸದಾಶಿವರಾಯರಿಗೂ ಅವಳಿಗೂ ಇದ್ದದ್ದು ಅದು. ಅದನ್ನು ಬರೀ ಚಪಲ ಅಂತ ತಳ್ಳಿಹಾಕೋಕೆ ಆಗಲ್ಲ. ಆದರೆ ನಾಗಲಕ್ಷ್ಮಿ ಪುಟ ಬಂದಾಗಲೆಲ್ಲ ನನಗೆ ನಾಚಿಕೆ ಆಗಿದೆ, ಅದೂ ನಿಜ. ಕರುಣಾಗೂ ಆಗಿರಬೇಕು. ಎರಡೂ ಒಟ್ಟಿಗೆ ಆಗೋದನ್ನೇ ಅಲ್ವಾ ಕಾದಂಬರಿ ಅನ್ನೋದು. ಒಂದೇ ಕಡೆ ನಿಂತು ಓದಬೇಕು ಅಂದರೆ ಪತ್ರಿಕೆಯ ಸಂಪಾದಕೀಯ ಓದಬಹುದಿತ್ತು.

ಮೂರನೇ ಬೆಂಚು
ನಾಚಿಕೆ ಆದರೆ ಸಾಕಾ? ನಾಗಲಕ್ಷ್ಮಿಗೆ ಅಡಿಟಿಪ್ಪಣಿ ಕಲಿಸೋಕೆ ಆ ಮಹಾನುಭಾವರು ಒಂದು ದಿನವಾದರೂ ಕೂತರಾ?

ಕಡಲೆಪುರಿ
ಕೂರಲಿಲ್ಲ. ಒಪ್ಪಿದೆ.

ರೈಲ್ವೆ ರಾಯ
ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಕ್ಷಮಿಸಿ. ಕಾತ್ಯಾಯನಿ ನಂಜನಗೂಡಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಾಳಲ್ಲ, ಆ ದಾರಿಯಲ್ಲಿ ನಾನು ಪಿಯುಸಿಗೆ ಓಡಾಡಿದವನು. ಆಗ ಮೀಟರ್ ಗೇಜ್. ನಂಜನಗೂಡಿನ ಹತ್ತಿರ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೇ ಕಲ್ಲಿನ ಸೇತುವೆ ಇದೆ, ರೈಲೂ ಅದರ ಮೇಲೇ ಹೋಗುತ್ತಿತ್ತು. ಮಳೆಗಾಲದಲ್ಲಿ ನೀರು ಕೆಂಪಗೆ ಸುತ್ತುತ್ತಾ ಇರೋದು. ಅವಳ ಮೊದಲ ಗಂಡ ಇದೇ ಹೊಳೆಗೆ ಹೋದವನು ಅಂತ ಓದಿದ ಮೇಲೆ ಸೇತುವೆ ಬಂದಾಗಲೆಲ್ಲ ಕಿಟಕಿಯಿಂದ ತಲೆ ಒಳಗೆ ತಗೋತಿದ್ದೆ. ಅವಳು ದಿನಾ ಅದನ್ನು ದಾಟಿ ಕಾಲೇಜಿಗೆ ಹೋಗಬೇಕಿತ್ತಲ್ಲ. ಗಂಡನನ್ನು ನುಂಗಿದ ನೀರನ್ನು ದಿನಕ್ಕೆ ಎರಡು ಸಲ ದಾಟೋದು.

ಮೆಣಸಿನಸಾರು
ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಟಾಕೀಸ್ ತಿಮ್ಮ
ಸಿನಿಮಾ ನೋಡಿದವರು ಯಾರೂ ಇಲ್ವಾ? ಬಿ.ವಿ. ಕಾರಂತ, ಗಿರೀಶ್ ಕಾರ್ನಾಡ್ ಇಬ್ಬರೂ ಸೇರಿ ಮಾಡಿದ್ದು, ನಿರ್ದೇಶನಕ್ಕೆ ಇಬ್ಬರಿಗೂ ಸೇರಿ ರಾಷ್ಟ್ರಪ್ರಶಸ್ತಿ ಬಂತು. ಎಲ್.ವಿ. ಶಾರದಾ ಕಾತ್ಯಾಯನಿ. ವಿಷ್ಣುವರ್ಧನ್ ಕೂಡ ಚಿಕ್ಕ ಪಾತ್ರದಲ್ಲಿ ಇದ್ದಾರೆ, ನಾಗರಹಾವಿಗೂ ಮುಂಚೆ. ಸಿನಿಮಾದಲ್ಲಿ ಶಾರದಾ ಮುಖ ನೋಡಿದರೆ ಕಾತ್ಯಾಯನಿ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗೋದೇ ಇಲ್ಲ. ಪುಸ್ತಕ ಓದಿ ಅವಳನ್ನು ಬೈಯೋರಿಗೆಲ್ಲ ಮೊದಲು ಸಿನಿಮಾ ತೋರಿಸಬೇಕು.

ರೈಲ್ವೆ ರಾಯ
ತೆಲುಗಿನಲ್ಲೂ ಬಂದಿತ್ತು ಅಲ್ವಾ?

ಟಾಕೀಸ್ ತಿಮ್ಮ
ಹೂಂ, 1980ರಲ್ಲಿ, ಬಾಪು ನಿರ್ದೇಶನ. ಅದರಲ್ಲಿ ಹೀರೋ ಯಾರು ಗೊತ್ತಾ? ಅನಿಲ್ ಕಪೂರ್!

ಹಳೇಪೇಟೆ
ಊಟ ಮಾಡಿ ಬರುವಷ್ಟರಲ್ಲಿ ನಂಜನಗೂಡಿಗೆ ಅನಿಲ್ ಕಪೂರ್ ಬಂದಿದ್ದಾನೆ. ಚರ್ಚೆಗೆ ವಾಪಸ್ ಬನ್ನಿ ಎಲ್ಲರೂ.

ಮೆಣಸಿನಸಾರು ಅವರೇ, ಸಾರಿನ ಅನ್ನ ಕಲಸುತ್ತಾ ಯೋಚನೆ ಮಾಡಿದೆ. ನೀವು ಹೇಳಿದ್ದರಲ್ಲಿ ಹುರುಳಿದೆ. ಆದರೆ ಶ್ರೋತ್ರಿಗಳು ಹೊರಡುವಾಗ ಅವರ ಕೈಯಲ್ಲಿ ಏನಿದೆ? ಹೆಂಡತಿ ಇಲ್ಲ, ಮಗ ಇಲ್ಲ, ತನ್ನದು ಅಂದುಕೊಂಡ ಹೆಸರೂ ಇಲ್ಲ. ಎತ್ತರ ಅಂತ ನಿಮಗೆ ಕಾಣೋದು ನನಗೆ ಬರೀ ಖಾಲಿ ಅಂತ ಕಾಣುತ್ತೆ. ಜೊತೆಗೆ, ಅವಳ ಕೊನೆಗಾಲದಲ್ಲಿ ಅವಳ ಮನೆ ಬಾಗಿಲಿಗೆ ಬರೋದು ಅವರೇ. ಅಹಂಕಾರ ಇದ್ದವರು ಬರ್ತಾರಾ?

ಶಾಲ್ಮಲಾ
ಬರ್ತಾರೆ. ಸಾಯೋ ಹೊತ್ತಿಗೆ ಎಲ್ಲರೂ ಬರ್ತಾರೆ. ಬದುಕಿದ್ದಾಗ ಬಂದಿದ್ದರೆ ಲೆಕ್ಕ.

ಅಜ್ಜಿಮನೆ
ಎಂದೂ ಬರೆಯೋನಲ್ಲ ನಾನು, ಸುಮ್ನೆ ಓದಿ ಹೋಗೋನು. ಇವತ್ತು ಬರೀತೀನಿ.

ನಾನು ಚೀನಿ, ಕಾತ್ಯಾಯನಿ ಬಿಟ್ಟುಹೋದ ಆ ಮಗ. ಅಂದರೆ ನನ್ನ ಕತೆ ಅವನದೇ. ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಎರಡು ವರ್ಷ ಬಿಟ್ಟು ಅಮ್ಮ ಮದುವೆಯಾಗಿ ಬೇರೆ ಊರಿಗೆ ಹೋದಳು, ನಾನು ಅಪ್ಪನ ತಂದೆತಾಯಿ ಹತ್ತಿರ ಉಳಿದೆ. ನನ್ನನ್ನು ಚೆನ್ನಾಗಿ ನೋಡಿಕೊಂಡರು. ಅಮ್ಮನ ಬಗ್ಗೆ ಒಂದು ಕೆಟ್ಟ ಮಾತು ಆ ಮನೆಯಲ್ಲಿ ಕೇಳಿಲ್ಲ. ಒಳ್ಳೆ ಮಾತೂ ಕೇಳಿಲ್ಲ. ಅವಳ ಹೆಸರೇ ಬರುತ್ತಿರಲಿಲ್ಲ, ಅಷ್ಟೆ. ಅಮ್ಮ ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಅವಳು ಬಂದ ದಿನ ಅಜ್ಜಿ ಪಾಯಸ ಮಾಡುತ್ತಿದ್ದರು, ನೆಂಟರಿಗೆ ಮಾಡುವ ಹಾಗೆ. ನಾನು ಅವಳನ್ನು "ನೀವು" ಅಂತ ಕರೆಯುತ್ತಿದ್ದೆ. ಯಾರೂ ಹಾಗೆ ಕರಿ ಅಂತ ಕಲಿಸಿರಲಿಲ್ಲ.

ಕಾದಂಬರಿಯಲ್ಲಿ ಕಾತ್ಯಾಯನಿ ಪಾಠ ಮಾಡುವ ಕ್ಲಾಸಿನಲ್ಲೇ ಮಗ ಬಂದು ಕೂರುತ್ತಾನೆ. ನಾನು ಅದನ್ನು ಓದಿದ್ದು 19ನೇ ವಯಸ್ಸಿಗೆ, ನನಗೆ ಚೀನಿ ಸರಿ ಅನ್ನಿಸಿದ. ಹತ್ತಿರ ಹೋಗದೇ ಇದ್ದದ್ದು ಸರಿ, ಅವಳು ಬಿಟ್ಟುಹೋದವಳು ಅಲ್ವಾ ಅಂತ. ಈಗ ನನಗೂ ಮಗಳಿದ್ದಾಳೆ. ಈಗ ಓದಿದರೆ ಆ ಹುಡುಗನ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತೆ. ಆದರೆ ಅವನ ಮೇಲೂ ಪೂರ್ತಿ ಸಿಟ್ಟಿಲ್ಲ. ಸಾಕಿದವರಿಗೆ ನೋವಾಗಬಾರದು ಅಂತ ಮಗು ತನಗೆ ತಾನೇ ಎಷ್ಟೊಂದು ಬಾಗಿಲು ಹಾಕಿಕೊಂಡಿರುತ್ತೆ, ಅದು ಯಾರಿಗೂ ಕಾಣಲ್ಲ.

ಗುಬ್ಬಿಗೂಡು ಅವರೇ, ನಿಮ್ಮ ಅಣ್ಣನ ಮಗ ಆ ಶೂ ನೋಡಿರುತ್ತಾನೆ. ಒಂಬತ್ತು ವರ್ಷ ಅಂದಿರಲ್ಲ. ಶನಿವಾರ ಯಾಕೆ ಪಾಲಿಶ್ ಆಯ್ತು ಅಂತ ಅವನಿಗೆ ಗೊತ್ತು.

ಮೆಣಸಿನಸಾರು
…

ಸೂಲಗಿತ್ತಿ
ಅಜ್ಜಿಮನೆ, ನಿಮ್ಮ ಅಮ್ಮ ಇದ್ದಾರಾ?

ಅಜ್ಜಿಮನೆ
ಇದ್ದಾರೆ. ಹಾಸನದಲ್ಲಿ. ಈಗಲೂ "ನೀವು" ಅಂತಲೇ ಅನ್ನೋದು, ಬಾಯಿಗೆ ಬೇರೆ ಬರಲ್ಲ.

ಕರಿಕೋಟು
ಕಾದಂಬರಿ ಬಗ್ಗೆ ನನಗೆ ಹೇಳೋಕೆ ಹೆಚ್ಚೇನಿಲ್ಲ, ಕಾನೂನು ಹೇಳ್ತೀನಿ, ಯಾಕಂದರೆ ಗುಬ್ಬಿಗೂಡು ಅವರ ಮನೆಗೆ ಬೇಕಾಗಬಹುದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಪ್ರಕಾರ ತಂದೆ ಇಲ್ಲದ ಮೇಲೆ ತಾಯಿಯೇ ಸಹಜ ಪಾಲಕಿ. ಮತ್ತೆ ಮದುವೆಯಾದರು ಅನ್ನೋ ಒಂದೇ ಕಾರಣಕ್ಕೆ ಅದು ತಪ್ಪಿಹೋಗಲ್ಲ. ಕೋರ್ಟಿಗೆ ಹೋದರೆ ನೋಡೋದು ಮಗುವಿನ ಹಿತ. ಬ್ರಿಟಿಷರ ಕಾಲದ 1856ರ ವಿಧವಾ ಮರುವಿವಾಹ ಕಾಯ್ದೆ ಬೇರೆ ಥರ ಇತ್ತು. ಮದುವೆಯಾದ ವಿಧವೆಗೆ ಸತ್ತ ಗಂಡನ ಆಸ್ತಿಯಲ್ಲಿ ಇದ್ದ ಹಕ್ಕು ಹೋಗುತ್ತಿತ್ತು, ಗಂಡನ ಕಡೆಯವರು ಮಗುವಿನ ಪಾಲಕತ್ವ ಕೇಳಿ ಕೋರ್ಟಿಗೆ ಹೋಗಬಹುದಿತ್ತು. ಕೊಡೋ ಕೈಯಲ್ಲೇ ಕಿತ್ಕೊಳ್ಳೋ ಕಾನೂನು.

ಆದರೆ ಶ್ರೋತ್ರಿಗಳು ಕೋರ್ಟಿಗೆ ಹೋಗುವ ಜಾತಿಯವರಲ್ಲ. ನನ್ನ ಕಕ್ಷಿದಾರರಲ್ಲಿ ಕೂಗಾಡೋ ಮಾವಂದಿರ ಕೇಸು ಬೇಗ ಮುಗಿಯುತ್ತೆ. ಸುಮ್ಮನಿರೋ ಮಾವಂದಿರ ಕೇಸು ನನ್ನ ಹತ್ತಿರ ಬರೋದೇ ಇಲ್ಲ.

ಹಳೇಪೇಟೆ
ಸರಿ, ನಾನು ಅರ್ಧ ಸೋತೆ ಅಂತ ಇಟ್ಟುಕೊಳ್ಳಿ. ಪೂರ್ತಿ ಅಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ಇದ್ದ ಒಬ್ಬ ಮಗ ಹೊಳೆ ಪಾಲಾದ. ಮನೆಯಲ್ಲಿ ಉಳಿದದ್ದು ಒಂದು ಮಗು. ಅದನ್ನೂ ನಗುತ್ತಾ ಎತ್ತಿಕೊಡಬೇಕಾ? "ಕೊಡಲ್ಲ" ಅನ್ನೋ ಹಕ್ಕು ತನಗಿಲ್ಲ ಅಂತ ಗೊತ್ತು, "ತಗೊಂಡು ಹೋಗು" ಅನ್ನೋಕೆ ಬಾಯಿ ಬರಲ್ಲ. ಹಾಗಾದರೆ ಇನ್ನೇನು ಮಾಡಬೇಕಿತ್ತು ಆ ಮುದುಕ?

ಗುಬ್ಬಿಗೂಡು
@ಹಳೇಪೇಟೆ "ಬಿಟ್ಟು ಹೋಗಬೇಡ, ನನಗೆ ಕಷ್ಟ ಆಗುತ್ತೆ" ಅನ್ನಬಹುದಿತ್ತು. ಬೇಡಿಕೊಳ್ಳಬಹುದಿತ್ತು. ಆಗ ಅವಳು ಇಲ್ಲ ಅನ್ನಬಹುದಿತ್ತು, ಅತ್ತು ಜಗಳ ಆಡಿ ಅರ್ಧ ಅರ್ಧ ಮಾಡಿಕೊಳ್ಳಬಹುದಿತ್ತು. ಬೇಡುವ ಮನುಷ್ಯನಿಗೆ ಎದುರು ಮಾತಾಡಬಹುದು. ಧರ್ಮ ನಿನಗೇ ಗೊತ್ತು ಅನ್ನುವವರಿಗೆ ಏನು ಹೇಳೋದು?

ಹಳೇಪೇಟೆ
ಬೇಡೋದು ಅವರ ಸ್ವಭಾವದಲ್ಲೇ ಇಲ್ಲ.

ಶಾಲ್ಮಲಾ
ಅದೇ ನಾವೂ ಹೇಳ್ತಿರೋದು ರೀ!

ಹೊಸಗನ್ನಡಕ
ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯ ಪ್ರಾಣೇಶಾಚಾರ್ಯರನ್ನು ಯಾರೂ ಎಳೆದು ತಂದಿಲ್ಲ ಅಂತ ಆಶ್ಚರ್ಯ. ಎರಡೂ ಬಂದಿದ್ದು 1965ರಲ್ಲೇ. ಅಲ್ಲೂ ಎಲ್ಲರೂ ಧರ್ಮ ಕೇಳೋಕೆ ಬರೋ ಆಚಾರ್ಯ, ರೋಗಿ ಹೆಂಡತಿ, ತಡೆದುಕೊಂಡ ಜೀವನ. ಅವರು ಒಂದು ರಾತ್ರಿ ಚಂದ್ರಿ ತೋಳಿಗೆ ಬಿದ್ದರು, ಆಮೇಲೆ ಜಾತ್ರೆಯಲ್ಲಿ ಕಾಫಿ ಕುಡಿಯುತ್ತಾ ಬೆವರುತ್ತಾರೆ. ನನಗೆ ಬಿದ್ದ ಆಚಾರ್ಯರೇ ಹತ್ತಿರ. ಶ್ರೋತ್ರಿಗಳೂ ಒಂದು ಸಲ ಬಿದ್ದಿದ್ದರೆ ಕಾತ್ಯಾಯನಿಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರೋ ಏನೋ.

ಮೂರನೇ ಬೆಂಚು
ದಯವಿಟ್ಟು ಆ ಜಗಳ ಇಲ್ಲಿ ಶುರು ಮಾಡಬೇಡಿ. ಭೈರಪ್ಪನಾ ಅನಂತಮೂರ್ತಿನಾ ಅಂತ ಶುರುವಾದರೆ ದೀಪಾವಳಿ ಬಂದರೂ ಮುಗಿಯಲ್ಲ.

ಹೊಸಗನ್ನಡಕ
ಜಗಳ ಅಲ್ಲ ಮಾರಾಯ್ರೇ, ಒಂದು ಮಾತು ಹೇಳಿದೆ ಅಷ್ಟೆ.

ಕಡಲೆಪುರಿ
ಹೊಸಗನ್ನಡಕ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಶ್ರೋತ್ರಿಗಳೂ ಬೀಳುತ್ತಾರೆ, ಬೇರೆ ಥರ. ತನ್ನ ಹುಟ್ಟಿನ ವಿಷಯ ಗೊತ್ತಾದ ಮೇಲೆ ಅವರು ನಿಂತ ನೆಲವೇ ಇಲ್ಲ. ಕಾತ್ಯಾಯನಿಯನ್ನು ನೋಡೋಕೆ ಹೋಗೋದು ಅದಾದ ಮೇಲೆ. ಹಾಗಾಗಿ ಹಳೇಪೇಟೆ ಹೇಳಿದ "ಖಾಲಿ" ನನಗೆ ಇಷ್ಟವಾಯಿತು. ತಡವಾಯಿತು ಅನ್ನೋ ಶಾಲ್ಮಲಾ ಮಾತೂ ಸರಿ.

ರೈಲ್ವೆ ರಾಯ
ಯಾರಾದರೂ ನಂಜನಗೂಡಿಗೆ ಹೋದರೆ ಅಸಲಿ ರಸಬಾಳೆ ಎಲ್ಲಿ ಸಿಗುತ್ತೆ ಹೇಳಿ. ದೇವಸ್ಥಾನದ ಮುಂದೆ ಕೊಟ್ಟಿದ್ದು ಮನೆಗೆ ಬಂದು ನೋಡಿದರೆ ಏಲಕ್ಕಿ ಬಾಳೆ.

ಟಾಕೀಸ್ ತಿಮ್ಮ
ಸಿಪ್ಪೆ ಕಪ್ಪಾಗೋ ತನಕ ಕಾಯಬೇಕು, ಆಗ ಗೊತ್ತಾಗುತ್ತೆ ಅಸಲಿಯೋ ನಕಲಿಯೋ. ನಮ್ಮ ತಾತ ಹೇಳ್ತಿದ್ದದ್ದು.

ಗುಬ್ಬಿಗೂಡು
ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿಮನೆ ಬರೆದಿದ್ದನ್ನು ರಾತ್ರಿ ಅತ್ತಿಗೆಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. "ಪಾಯಸ ಮಾಡ್ತಿದ್ದರಂತಾ?" ಅಂತ ಒಂದೇ ಸಲ ಕೇಳಿದರು.

ಇನ್ನೊಂದು ವಿಷಯ. ನಾನು ಟೀಪಾಯಿ ಮೇಲೆ ಬಿಟ್ಟಿದ್ದ ಪುಸ್ತಕವನ್ನು ಅಪ್ಪ ಓದೋಕೆ ಶುರು ಮಾಡಿದ್ದಾರೆ. ನಾನು ಕೊಟ್ಟಿದ್ದಲ್ಲ. ಹಳೇ ಕರೆಂಟ್ ಬಿಲ್ಲೊಂದನ್ನು ಗುರುತಿಗೆ ಇಟ್ಟುಕೊಂಡಿದ್ದಾರೆ. ದಿನಾ ಬೆಳಗ್ಗೆ ಕದ್ದು ನೋಡ್ತೀನಿ, ಬಿಲ್ಲು ಎಷ್ಟು ಪುಟ ಮುಂದೆ ಹೋಗಿದೆ ಅಂತ. ಮೊದಲ ವಾರ ಓಡಿತು. ಈಗ ನಾಲ್ಕು ದಿನದಿಂದ ಒಂದೇ ಕಡೆ ನಿಂತಿದೆ, ಅವಳು ಮಗು ಕೇಳೋಕೆ ಬರುವ ಹತ್ತಿರ.

ಹಳೇಪೇಟೆ
ನಿಮ್ಮ ಅಪ್ಪನ ವಯಸ್ಸೆಷ್ಟು?

ಗುಬ್ಬಿಗೂಡು
76.

ಹಳೇಪೇಟೆ
ನನಗೆ 74. ಮುಂದಿನ ಪುಟ ತಿರುಗಿಸೋಕೆ ಸ್ವಲ್ಪ ಟೈಮ್ ಕೊಡಿ ಅವರಿಗೆ.

ಶಾಲ್ಮಲಾ
ಹಳೇಪೇಟೆ ಅಂಕಲ್, ನೀವು 74 ಅಂತ ಮೊದಲೇ ಹೇಳಬಾರದೇನ್ರಿ, ನಾನು ಏನೇನೋ ಅಂದುಬಿಟ್ಟೆ.

ಹಳೇಪೇಟೆ
ಅದಕ್ಕೇ ಹೇಳಿರಲಿಲ್ಲ. ಹೇಳಿದ್ದರೆ ನೀವೂ ಬಾಗಿಲು ಮುಂದೆ ಮಾಡಿಕೊಂಡು ಚಹಾ ಕುಡೀತಿದ್ರಿ.